ಮಗಳ ಮೊದಲ ಕಾರು: ಆರ್‌ಸಿ ಯಾರ ಹೆಸರಿಗೆ?

ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಡಿಸುವುದು, ಆರ್‌ಟಿಒ ಕಾಗದ ಮಾಡಿಸುವುದು ನನ್ನ ಕೆಲಸ. ಪಿಯುಸಿ ರಿಸಲ್ಟ್ ಬಂದರೆ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಹದಿನೆಂಟು ತುಂಬದವರಿಗೆ ಅಂತಾದರೆ ನಾನು ಕಾರು ತೋರಿಸುವುದೇ ಇಲ್ಲ. ಹುಡುಗ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ಆಗುವವರೆಗೆ ಲೈಸೆನ್ಸ್ ಇಲ್ಲ.

ಮಕ್ಕಳು ಮ್ಯೂಸಿಕ್ ಸಿಸ್ಟಂ ನೋಡುತ್ತಾರೆ, ಅಪ್ಪ ಮೈಲೇಜ್ ಕೇಳುತ್ತಾರೆ. ನಾನು ನೋಡುವುದು ತಯಾರಾದ ತಿಂಗಳು. 2019ರ ಜುಲೈ ನಂತರದ್ದಾದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್, ಡ್ರೈವರ್ ಏರ್‌ಬ್ಯಾಗ್, 80 ದಾಟಿದರೆ ಬೀಪ್ ಎಲ್ಲ ಕಡ್ಡಾಯವಾಗಿ ಬಂದಿರುತ್ತದೆ. ಕೈ ಪಳಗದವರಿಗೆ ಅದಕ್ಕಿಂತ ಹಳೇದು ಬೇಡ. ಇನ್ನೊಂದು, ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೇ ಇದ್ದರೆ ದೋಷ. ಹೊತ್ತಲೇ ಇಲ್ಲವೆಂದರೆ ಇನ್ನೂ ಅನುಮಾನ, ಯಾರೋ ದೀಪವನ್ನೇ ಕಿತ್ತಿರಬಹುದು.

ಇಷ್ಟೆಲ್ಲ ನೋಡಿದವರೂ ಕೊನೆಗೆ, ಚಹಾ ಕುಡಿಯುತ್ತಾ ತೀರ್ಮಾನಿಸುವುದು ಆರ್‌ಸಿ, ಅಂದರೆ ನೋಂದಣಿ ಪತ್ರ, ಯಾರ ಹೆಸರಿಗೆ ಎಂಬುದನ್ನು. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗಳಿಗೆ ಕಾರು ಕೊಂಡರು. ಐವತ್ತು ದಾಟಿರಲಿಲ್ಲ, ಕೊಯ್ಲಿನಲ್ಲಿ ಆಳುಗಳ ಜೊತೆ ತಾವೂ ಅಡಿಕೆ ಕೊನೆ ಹೊರುವ ಗಟ್ಟಿ ಮನುಷ್ಯ. "ಹೆಸರು ಮಗಳದ್ದೇ ಹಾಕ್ಸಿ ಯಜಮಾನ್ರೇ" ಎಂದರೆ, "ಎಂತಕ್ಕೆ ಮಾರಾಯ್ರೇ, ನಾನಿದ್ದೀನಲ್ಲ" ಎಂದು ನಕ್ಕರು. ಹುಡುಗಿಯೂ "ಅಪ್ಪಯ್ಯನ ಹೆಸರೇ ಇರ್ಲಿ" ಎಂದಳು.

ಮಳೆಗಾಲ ಮುಗಿಯುವುದರೊಳಗೆ ಅವರಿಗೆ ಸ್ಟ್ರೋಕ್. ಬಲಗೈ ಬಿತ್ತು, ಮಾತು ತೊದಲಿತು. ಆಸ್ಪತ್ರೆ ಖರ್ಚಿಗೆ ಕಾರು ಮಾರೋಣ ಎಂದು ಮನೆಯವರು ನನ್ನನ್ನೇ ಕೇಳಿದರು. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಮಾಲೀಕರ ಸಹಿ ಬೇಕು. ಅವರ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಕಾರು ಮನೆಯಲ್ಲೇ ಉಳಿಯಿತು, ಸಾಲ ಬೇರೆ ಕಡೆ ಆಯಿತು. ಈಗ ಫಿಸಿಯೋಥೆರಪಿಗೆ ಅವರನ್ನು ಕರೆತರುವವಳು ಆ ಹುಡುಗಿಯೇ. ಆಗುಂಬೆ ಕಡೆಯ ಮಳೆಯಲ್ಲೂ ಚೆನ್ನಾಗಿ ಓಡಿಸುತ್ತಾಳೆ.

ವಿಮೆಯ ವಿಷಯ ಇನ್ನೂ ಬಹಳ ಜನರಿಗೆ ಗೊತ್ತಿಲ್ಲ. ಪಾಲಿಸಿ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ. ಅಪ್ಪನ ಹೆಸರಿನ ಕಾರು ಓಡಿಸುವ ಮಗಳಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ.

ಹಾಗಾಗಿ ನಾನೀಗ ಬೀಗದ ಕೈ ಕೊಡುವ ಮೊದಲೇ ಹೆಸರು ಕೇಳುತ್ತೇನೆ. ಸಂಪಾದನೆ ಇಲ್ಲದ ಮಕ್ಕಳಿಗೆ ಬ್ಯಾಂಕ್ ಲೋನ್ ಸಿಗುವುದು ಕಷ್ಟ, ಆಗ ಅಪ್ಪನ ಹೆಸರೇ ಗತಿ. ಮಾಲೀಕರು ತೀರಿಕೊಂಡ ಮೇಲಿನ ತೊಂದರೆಗಾದರೂ ಒಂದು ದಾರಿ ಇದೆ, 2021ರಿಂದ ಆರ್‌ಸಿಯಲ್ಲೂ ನಾಮಿನಿ ಹೆಸರು ಸೇರಿಸಬಹುದು. ಮಾಲೀಕರು ತೀರಿಕೊಂಡರೆ 30 ದಿನದಲ್ಲಿ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳಲ್ಲಿ ಹೆಸರು ಬದಲಿಸುವ ಫಾರಂ 31 ಕೊಡಬೇಕು. ನಾಮಿನಿ ಇದ್ದರೆ ವಾರಸುದಾರರ ಓಡಾಟ ಎಷ್ಟೋ ಕಡಿಮೆ.

ಶುಭಕಾರ್ಯದ ಹೊತ್ತಲ್ಲಿ ಸಾವಿನ ಮಾತೇಕೆ ಎಂದು ಮುಖ ಸಿಂಡರಿಸುವವರು ಇದ್ದಾರೆ. ಗಂಡ ಹೆಂಡತಿ ಇಬ್ಬರೂ ಬಂದಿದ್ದರೆ ಕೆಲಸ ಸಲೀಸು. ಅಪ್ಪ "ನೋಡೋಣ" ಎನ್ನುವಷ್ಟರಲ್ಲಿ ಅಮ್ಮ ಬ್ಯಾಗಿನಿಂದ ಆಧಾರ್ ತೆಗೆದಿರುತ್ತಾರೆ.