ಹಲ್ಲಿನ ಎಕ್ಸ್‌ರೇ ಅಷ್ಟು ಸೇಫ್ ಆದ್ರೆ ತೆಗೆಯುವಾಗ ಡಾಕ್ಟ್ರು ಯಾಕೆ ಹೊರಗೆ ಹೋಗ್ತಾರೆ?

ಪ್ರಶ್ನೆ ನಮ್ಮ ಅಮ್ಮನದು. ತಂಗಿ ಐದು ತಿಂಗಳ ಬಸುರಿ, ಕೊಡಗಿನ ಸಿದ್ದಾಪುರಕ್ಕೆ ತವರಿಗೆ ಬಂದಿದ್ದಳು. ರಾತ್ರಿಯಿಡೀ ದವಡೆ ನೋವು. ನಾನು ಎಸ್ಟೇಟ್ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಇನ್ನೊಬ್ಬರಿಗೆ ಒಪ್ಪಿಸಿ ಇಬ್ಬರನ್ನೂ ಅಮ್ಮತ್ತಿ ದಾರಿಯಲ್ಲಿ ವಿರಾಜಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್‌ರೇ ಅಂದ ಕೂಡಲೇ ಅಮ್ಮ ಅಡ್ಡ ನಿಂತರು.

ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ. "ಇವರಿಗೆ ಇವತ್ತು ಒಂದು ಫೋಟೋ ಅಮ್ಮ. ನಾನು ದಿನಾ ಎಷ್ಟೋ ಜನಕ್ಕೆ ತೆಗೀತೀನಿ, ಪ್ರತಿ ಸಲ ಪಕ್ಕದಲ್ಲೇ ನಿಂತರೆ ನನಗೆ ಸೇರ್ತಾ ಹೋಗುತ್ತೆ" ಅಂದರು. ಲೆಕ್ಕ ಸರಿ ಅಲ್ವಾ?

ಇನ್ನೊಂದು ಲೆಕ್ಕ ನಾನು ಆಮೇಲೆ ಓದಿದ್ದು. ಮಣ್ಣು, ಬಂಡೆ, ಗಾಳಿ, ಆಕಾಶ ಇವುಗಳಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4ರಿಂದ 3 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ವಿಕಿರಣ ತಾಗುತ್ತದೆ. ಬಾಯೊಳಗಿನ ಒಂದು ಸಣ್ಣ ಡಿಜಿಟಲ್ ಎಕ್ಸ್‌ರೇಯಲ್ಲಿ ಸಿಗುವುದು ಸುಮಾರಾಗಿ ಒಂದು ದಿನ ಸುಮ್ನೆ ಮನೆಯಲ್ಲಿ ಕೂತರೂ ಸಿಗುವಷ್ಟು. ಅದೂ ಕಿರಣ ಬೀಳುವುದು ದವಡೆಗೆ, ಹೊಟ್ಟೆಗಲ್ಲ. ಹಾಗಾಗಿ ಬೇಕಾದಾಗ ಬಸುರಿಯರಿಗೂ ತೆಗೆಯಬಹುದು. ಸೋಂಕನ್ನು ಹಾಗೇ ಬಿಡುವುದೇ ಜಾಸ್ತಿ ಅಪಾಯ.

ತಂಗಿಗೆ ಸೀಸದ ಏಪ್ರನ್ ಹೊದಿಸಿದ ಮೇಲೆ ಅಮ್ಮ ನೆಮ್ಮದಿಯಿಂದ ಕುರ್ಚಿಗೆ ಒರಗಿದರು. ಕಿರಣವನ್ನು ಬೇಕಾದ ಜಾಗಕ್ಕಷ್ಟೇ ಬಿಡುವ ಈಗಿನ ಮಷಿನ್‌ಗಳಿಗೆ ಅದು ಬೇಡ ಅಂತ ಅಮೆರಿಕದ ದಂತವೈದ್ಯರ ಸಂಘ 2024ರಲ್ಲೇ ಹೇಳಿದೆ. ನಾನು ಬಾಯಿ ಬಿಡಲಿಲ್ಲ.

ತಂಗಿಗೆ ಕಷ್ಟವಾಗಿದ್ದು ಕಿರಣದಿಂದಲ್ಲ, ಸೆನ್ಸರ್‌ನಿಂದ. ಪ್ಲಾಸ್ಟಿಕ್ ಕವರ್ ಹಾಕಿದ, ವೈರ್ ನೇತಾಡುವ ಚಪ್ಪಟೆ ತುಂಡು. ಅದರ ಅಂಚು ನಾಲಿಗೆಯ ಕೆಳಗೆ ಒತ್ತಿ ಓಕರಿಕೆ ಬಂತು. ಮೂಗಲ್ಲಿ ಉಸಿರಾಡು ಅಂದರು. ಟಿಕ್ ಅಂತ ಸದ್ದು, ಅಷ್ಟರಲ್ಲಿ ಸ್ಕ್ರೀನಿನ ಮೇಲೆ ಚಿತ್ರ. ಹೊರಗಿಂದ ನೋಡಿದರೆ ಹಲ್ಲು ಗಟ್ಟಿ. ಆದರೆ ಎರಡು ದವಡೆ ಹಲ್ಲು ಒಂದಕ್ಕೊಂದು ತಾಗುವ ಕಡೆಯಿಂದ ಕಪ್ಪು ನೆರಳು ಒಳಗಿನ ನರದ ತನಕ ಇಳಿದಿತ್ತು. ಬೇರಿನ ತುದಿಯಲ್ಲಿ ಕೀವಿನ ಗುರುತು. ಕನ್ನಡಿ ಹಿಡಿದು ಎಷ್ಟು ಇಣುಕಿದರೂ ಇದು ಕಾಣುವುದಿಲ್ಲ. ಅವತ್ತೇ ರೂಟ್ ಕೆನಾಲ್ ಶುರು ಮಾಡಿದರು.

ಹಾಗಂತ ಹೋದಾಗಲೆಲ್ಲ ತೆಗೆಸಿಕೊಳ್ಳಿ ಅಂತ ಅಲ್ಲ. ಬೇರೆ ಊರಿನ ಒಂದು ಕ್ಲಿನಿಕ್‌ನಲ್ಲಿ ನನಗೆ ಬಾಯಿ ಪರೀಕ್ಷೆಗೂ ಮೊದಲೇ ಇಡೀ ದವಡೆಯ ಎಕ್ಸ್‌ರೇ (ಒಪಿಜಿ) ತೆಗೆದು ಬಿಲ್ ಹಾಕಿದ್ದರು. ಯಾಕೆ ಅಂದರೆ "ಎಲ್ಲರಿಗೂ ತೆಗೀತೀವಿ ಸರ್". ಇದು ಉತ್ತರವಲ್ಲ. ಇಂಪ್ಲಾಂಟ್‌ಗೆ (ದವಡೆಯಲ್ಲಿ ಕೂರಿಸುವ ಕೃತಕ ಹಲ್ಲಿಗೆ) ತೆಗೆಯುವ ಸಿಬಿಸಿಟಿ ಎಂಬ 3ಡಿ ಸ್ಕ್ಯಾನ್‌ನಲ್ಲಂತೂ ವಿಕಿರಣ ಇನ್ನೂ ಜಾಸ್ತಿ. ಅಲ್ಲಿ ಕಾರಣ ಕೇಳಲೇಬೇಕು. ಹಳೇ ಚಿತ್ರ ಮೊಬೈಲ್‌ನಲ್ಲಿದ್ದರೆ ಮೊದಲು ಅದನ್ನೇ ತೋರಿಸಿ.

ನಮ್ಮ ಎಸ್ಟೇಟಿನ ಲೈನ್‌ಮನೆಗಳಲ್ಲಿ (ಕೆಲಸದವರ ಸಾಲುಮನೆ) ಎಲೆಅಡಿಕೆ, ಹೊಗೆಸೊಪ್ಪು ಬಿಡದವರೇ ಹೆಚ್ಚು. ಅದರಿಂದ ಕೆನ್ನೆಯೊಳಗೆ ಬರುವ ಬಿಳಿ ಮಚ್ಚೆ ಈ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದಕ್ಕೆ ಬಾಯಿ ತೆರೆದು ತೋರಿಸಲೇಬೇಕು.