ಶೇಕಡಾ ಎಂಬತ್ತು, ಎಷ್ಟರ ಮೇಲೆ?

ನಮ್ಮ ಕಚೇರಿ ಇರುವುದು ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ. ನನ್ನ ಕೆಲಸ ಇರುವುದು ಆ ರಸ್ತೆ ಹೋಗಿ ಮುಟ್ಟುವ ಹಳ್ಳಿಗಳಲ್ಲಿ. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಹೋಗುತ್ತೇನೆ. ಬದು ಹಾಕಿಸಲು, ಕೃಷಿ ಹೊಂಡ ತೆಗೆಸಲು ಸರ್ಕಾರದ ಸಹಾಯಧನ ಬೇಕಾದ ರೈತರಿಂದ ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿಗಳನ್ನು ಪಡೆದು ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಿಸುವುದು, ಆಮೇಲೆ ಆ ಅರ್ಜಿಯ ಬೆನ್ನು ಹತ್ತುವುದು ನನ್ನ ಕೆಲಸ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೆ: 'ಶೇಕಡಾ 80 ಸರ್ಕಾರದ್ದು, 20 ಮಾತ್ರ ನಿಮ್ಮದು.' 2014ರಲ್ಲಿ ರಾಜ್ಯದಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದಾಗ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇಕಡಾ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 90 ಎಂದು ನಿಗದಿಯಾಗಿತ್ತು. ವಾಕ್ಯದಲ್ಲಿ ಸುಳ್ಳಿರಲಿಲ್ಲ. ಅದನ್ನು ನಂಬಿ ಕೆಟ್ಟವರು ಒಬ್ಬ ಯಜಮಾನರು.

ಅವರದು ಎರಡೂವರೆ ಎಕರೆ ಕೆಂಪು ಮಣ್ಣಿನ ಹೊಲ. ಒಂದಷ್ಟು ರಾಗಿ, ಒಂದಷ್ಟು ಹಿಪ್ಪುನೇರಳೆ. ಮಳೆ ಜೋರಾಗಿ ಬಿದ್ದ ದಿನ ಮೇಲ್ಮಣ್ಣೆಲ್ಲ ಕೊಚ್ಚಿಕೊಂಡು ಕೆಳಗಿನ ಹಳ್ಳ ಸೇರುತ್ತಿತ್ತು. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವೆಂದು ತೀರ್ಮಾನವಾಯಿತು. ಬದಿಗಳಿಗೆ ಒಂದಕ್ಕೊಂದರ ಇಳಿಜಾರು ಕೊಟ್ಟರೆ ಅದು ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದೆರಡು ಬಾರಿ ನೀರು ಹಾಯಿಸಿ ಬೆಳೆ ಉಳಿಸಿಕೊಳ್ಳಬಹುದು. ಕೆಂಪು ಮಣ್ಣು ನೀರನ್ನು ಇಂಗಿಸಿಬಿಡುವುದರಿಂದ ಒಳಗೆ ಪಾಲಿಥೀನ್ ಹೊದಿಕೆಯೂ ಬೇಕು. ಇಷ್ಟನ್ನೆಲ್ಲ ನಾನು ಚೆನ್ನಾಗಿಯೇ ವಿವರಿಸಿದ್ದೆ.

ಜೆಸಿಬಿ ಬಂತು. ಆರು ಅಡಿಗೆ ಬಂಡೆ ಸಿಕ್ಕಿತು.

ಸಾವನದುರ್ಗ ಕಣ್ಣೆದುರಿಗೇ ಕಾಣುವ ಊರು. ಇಡೀ ಬೆಟ್ಟವೇ ಒಂದು ಬಂಡೆ. ಅಂಥ ಕಡೆ ನೆಲದಡಿಯಲ್ಲೂ ಬಂಡೆ ಇರಬಹುದೆಂದು ನನಗೆ ಹೊಳೆಯಲಿಲ್ಲ! ಬ್ರೇಕರ್ ತರಿಸಿದರು, ಅದಕ್ಕೆ ಗಂಟೆಯ ಲೆಕ್ಕದ ಬಾಡಿಗೆ. ಅರ್ಧಕ್ಕೆ ಬಿಟ್ಟರೆ ಅಳತೆ ಬರುವುದಿಲ್ಲ, ಅಳತೆ ಬರದಿದ್ದರೆ ಬಿಲ್ಲೂ ಇಲ್ಲ. ಹೀಗಾಗಿ ಒಡೆಸುತ್ತಲೇ ಹೋದರು.

ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಹೊಂಡ, ಹೊದಿಕೆ ಎಲ್ಲ ಸೇರಿ ಇಲಾಖೆ ತನ್ನ ದರಪಟ್ಟಿಯಂತೆ ಒಪ್ಪುವ ಖರ್ಚು, ಎಂದರೆ ಘಟಕ ವೆಚ್ಚ, 1 ಲಕ್ಷ ರೂಪಾಯಿ. ಅದರ ಶೇಕಡಾ 80 ಎಂದರೆ 80 ಸಾವಿರ. ಯಜಮಾನರಿಗೆ ನಿಜವಾಗಿ ಖರ್ಚಾದದ್ದು ಒಂದೂವರೆ ಲಕ್ಷ. ಸರ್ಕಾರ ಕೊಡುವ 80 ಸಾವಿರ ಅಲ್ಲಿಗೇ ನಿಂತಿತು, ಉಳಿದ 70 ಸಾವಿರ ಅವರ ತಲೆಯ ಮೇಲೆ. ಶೇಕಡಾ 20 ಎಂದು ನಾನು ಹೇಳಿದ ಪಾಲು 47ರ ಹತ್ತಿರ ಬಂದಿತ್ತು. ಸಹಾಯಧನವನ್ನು ಲೆಕ್ಕ ಹಾಕುವುದು ದರಪಟ್ಟಿಯ ಮೇಲೆ, ರೈತನ ಖರ್ಚಿನ ಮೇಲಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿರಲಿಲ್ಲ. ಹೇಳಿದ್ದರೆ ಅರ್ಜಿಗೆ ಸಹಿ ಹಾಕುತ್ತಿರಲಿಲ್ಲವೋ ಏನೋ ಎಂಬ ಅಳುಕು ಒಳಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಮಾರ್ಚ್ ಹತ್ತಿರವಾಗಿತ್ತು, ನನ್ನ ಗುರಿ ಇನ್ನೂ ಮುಟ್ಟಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಿರಲಿಲ್ಲ: ಹಣ ಬರುವುದು ಕೆಲಸವೆಲ್ಲ ಮುಗಿದ ಮೇಲೆ. ಕಾರ್ಯಾದೇಶ ಸಿಗುವ ಮೊದಲು ಗುದ್ದಲಿ ಹಾಕುವಂತಿಲ್ಲ. ಆಮೇಲೆ ಅಗೆಯುವ ಮೊದಲು, ಅಗೆಯುವಾಗ, ಮುಗಿದಾಗ ಸ್ಥಳದ ಗುರುತು ಬೀಳುವ ಮೊಬೈಲ್ ಫೋಟೊ ಬೇಕು, ಅಳತೆಯಾಗಬೇಕು, ಬಿಲ್ಲಾಗಬೇಕು. ಅಲ್ಲಿಯವರೆಗೆ ಪೂರ್ತಿ ಒಂದೂವರೆ ಲಕ್ಷ ರೈತನದೇ. ಯಜಮಾನರ ಬಳಿ ರೇಷ್ಮೆಗೂಡು ಮಾರಿದ 50 ಸಾವಿರ ಇತ್ತು. ಉಳಿದ 1 ಲಕ್ಷವನ್ನು ಎರಡು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿದರು. ಎಂದರೆ ತಿಂಗಳಿಗೆ 2 ಸಾವಿರ.

ಅಮೆರಿಕದಲ್ಲೂ ಮಣ್ಣು ಮತ್ತು ನೀರಿನ ಸಂರಕ್ಷಣೆಗೆ ಇಂಥದ್ದೇ ಎಕ್ವಿಪ್ ಎಂಬ ಯೋಜನೆಯಿದೆ, 1996ರಿಂದ. ಅಲ್ಲೂ ದರಪಟ್ಟಿ, ಅಲ್ಲೂ ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆಯೇ ಹಣ. ಆದರೆ ಹೊಸದಾಗಿ ಬೇಸಾಯಕ್ಕಿಳಿದವರು, ಕಡಿಮೆ ಆದಾಯದವರು ಮುಂತಾದವರಿಗೆ ಅರ್ಧದಷ್ಟು ಹಣವನ್ನು ಮುಂಗಡವಾಗಿ ಪಡೆಯುವ ಅವಕಾಶವಿದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ತಿಂಗಳ 2 ಸಾವಿರ.

ನಾಲ್ಕು ತಿಂಗಳಾಯಿತು, ಐದಾಯಿತು. ಯಜಮಾನರು ಫೋನ್ ಮಾಡಿದಾಗಲೆಲ್ಲ 'ಬರುತ್ತದೆ ಯಜಮಾನರೇ, ಬಿಲ್ ಆಗಿದೆ' ಎನ್ನುತ್ತಿದ್ದೆ. ಏಳನೆಯ ತಿಂಗಳಲ್ಲಿ ಅವರ ಮಡದಿ ಕೇಳಿದರು: 'ಬಿಲ್ ಆಗಿದ್ದರೆ ದುಡ್ಡು ಎಲ್ಲಿಗೆ ಹೋಯಿತಮ್ಮ? ದಾರಿ ತಪ್ಪಿತೇ?' ದಾರಿ ತಪ್ಪಿಯೇ ಇತ್ತು. ನಾವು ಅರ್ಜಿಗೆ ಲಗತ್ತಿಸಿದ್ದು ಒಂದು ಬ್ಯಾಂಕಿನ ಪಾಸ್‌ಬುಕ್, ಆಧಾರ್ ಜೋಡಣೆಯಾಗಿದ್ದು ಇನ್ನೊಂದು ಬ್ಯಾಂಕಿನ ಖಾತೆಗೆ. ನೇರ ಪಾವತಿಯ ಹಣ ಹೋಗುವುದು ಆಧಾರ್ ಹಿಡಿದುಕೊಂಡು. ಎಂದೋ ತೆರೆಸಿ ಮರೆತಿದ್ದ ಜನಧನ ಖಾತೆಯಲ್ಲಿ 80 ಸಾವಿರ ಮೂರು ತಿಂಗಳಿಂದ ತಣ್ಣಗೆ ಕುಳಿತಿತ್ತು. ಅಷ್ಟರಲ್ಲಿ ಬಡ್ಡಿಯೇ 14 ಸಾವಿರ ಆಗಿತ್ತು. ಅದರಲ್ಲಿ ಆ 80 ಸಾವಿರದ ಮೇಲಿನ ಮೂರು ತಿಂಗಳ ಬಡ್ಡಿ, ಎಂದರೆ 4,800 ರೂಪಾಯಿ, ನೇರವಾಗಿ ನನ್ನ ಅಜಾಗರೂಕತೆಯ ಬಾಬ್ತು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಬಸ್ಸಿನಲ್ಲಿ ಹಿಂದಿರುಗುವುದು ಸುಲಭವಾಗುತ್ತಿತ್ತು.

ಅಂದಿನಿಂದ ಅರ್ಜಿ ತುಂಬುವ ಮೊದಲು ಜಗಲಿಯ ಮೇಲೆ ಕುಳಿತು ಒಂದು ಹಾಳೆ ಬರೆಯುತ್ತೇವೆ. ಸರ್ಕಾರಿ ನಮೂನೆಯಲ್ಲ, ನೋಟ್‌ಬುಕ್ಕಿನಿಂದ ಹರಿದದ್ದು. ಕೈಯಿಂದ ಮೊದಲು ಹಾಕಬೇಕಾದ ಹಣ ಎಷ್ಟು, ಅದನ್ನು ಎಲ್ಲಿಂದ ತರುತ್ತೀರಿ, ಆರು ತಿಂಗಳು ತಡವಾದರೆ ಬಡ್ಡಿ ಎಷ್ಟು, ಆಧಾರ್ ಯಾವ ಖಾತೆಗೆ ಸೇರಿದೆ. ಹೊಂಡದ ಜಾಗ ಗುರುತಿಸುವ ಮುನ್ನ, ಊರಿನಲ್ಲಿ ಹಿಂದೆ ಬಾವಿ ತೋಡಿದವರು ಯಾರಾದರೂ ಇದ್ದರೆ ಕರೆಸುತ್ತೇವೆ. ಯಾವ ಹೊಲದಲ್ಲಿ ಎಷ್ಟು ಅಡಿಗೆ ಬಂಡೆ ಎಂಬುದು ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಪೌತಿ ಖಾತೆಯ ಮಾತು ಮೊದಲು, ಹೊಂಡದ ಮಾತು ಆಮೇಲೆ.

ಹಾಳೆ ಬರೆದ ಮೊದಲ ವರ್ಷವೇ ಮೂವರು ಹಿಂದೆ ಸರಿದರು. ಅವರಲ್ಲಿ ಇಬ್ಬರು ಹೊಂಡದ ಬದಲು ಉದ್ಯೋಗ ಖಾತರಿಯಲ್ಲಿ ಕಂದಕ ಬದು ಹಾಕಿಸಿಕೊಂಡರು. ಕೈಯಿಂದ ಹಣ ಹಾಕುವ ಮಾತಿರಲಿಲ್ಲ, ತಮ್ಮ ಹೊಲದಲ್ಲಿ ದುಡಿದ ಕೂಲಿಯೂ ತಮಗೇ ಸಿಕ್ಕಿತು. ನನ್ನ ಮೇಲಧಿಕಾರಿಗೆ ಸಿಟ್ಟು ಬಂತು. 'ನೀವು ಅರ್ಜಿ ಹಾಕಿಸಲು ಹೋಗುತ್ತೀರೋ, ತಡೆಯಲು ಹೋಗುತ್ತೀರೋ?' ಎಂದರು. ಆ ವರ್ಷ ನನ್ನ ಗುರಿ ಮುಟ್ಟಲಿಲ್ಲ.

ಆ ಯಜಮಾನರ ಹೊಂಡ ಅಕ್ಟೋಬರ್ ಮಳೆಗೆ ತುಂಬಿತು. ನೋಡಲು ಹೋದಾಗ ಅವರ ಮಡದಿ ಕಾಫಿ ಕೊಟ್ಟು ನನ್ನ ಹಾಳೆಯನ್ನು ಇಸಿದುಕೊಂಡರು, ಮೊಮ್ಮಗಳಿಂದ ಓದಿಸಿದರು. 'ಹೊಂಡಕ್ಕೆ, ಅಗೆದ ಮಣ್ಣಿನ ದಿಬ್ಬಕ್ಕೆ, ಸುತ್ತಲಿನ ಬೇಲಿಗೆ ಎಂದು ಎರಡು ಗುಂಟೆಗೂ ಮೇಲೆ ಜಾಗ ಹೋಯಿತಲ್ಲಮ್ಮ, ಅದನ್ನು ಎಲ್ಲಿ ಬರೆದಿದ್ದೀಯಾ?' ಎಂದು ಕೇಳಿದರು. ಬಡಾವಣೆ ಮಾಡುವವರು ಗುಂಟೆಯ ಲೆಕ್ಕದಲ್ಲಿ ಬೆಲೆ ಕೂಗುತ್ತಾ ಓಡಾಡುವ ಊರು ಅದು. ಹಾಳೆಯ ಕೊನೆಗೆ 'ಜಾಗ' ಎಂದು ಒಂದು ಸಾಲು ಸೇರಿಸಿದ್ದೇನೆ. ಅದರ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಪ್ರತಿ ಮನೆಯಲ್ಲೂ ಖಾಲಿ ಬಿಡುತ್ತಿದ್ದೇನೆ.