ಕೆಆರ್‌ಎಸ್ ಹಿನ್ನೀರಿಗೆ ಹೊರಟವರು ಮೊದಲು ಪೇಪರ್ ನೋಡಿ

ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ ಹಿನ್ನೀರು, ಕಟ್ಟೆಯ ಕೆಳಗಿನ ಬಲಮುರಿ, ಹಕ್ಕಿಗಳ ರಂಗನತಿಟ್ಟು ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಿಬರುವ ಯೋಚನೆ ಇದ್ದರೆ, ರೂಮ್ ಬುಕ್ ಮಾಡುವ ಮುಂಚೆ ಅವತ್ತಿನ ಪೇಪರ್ ತೆಗೆದು ಕೆಆರ್‌ಎಸ್ ನೀರಿನ ಮಟ್ಟ ನೋಡಿ. ಮೈಸೂರು, ಮಂಡ್ಯ ಕಡೆಯ ಪೇಪರ್‌ಗಳಲ್ಲಿ ಬರುತ್ತದೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ನಾಟಿ ಯಾವಾಗ ಅಂತ ರೈತರು ಲೆಕ್ಕ ಹಾಕುವುದು ಈ ಸಾಲುಗಳನ್ನು ನೋಡಿಯೇ. ನಿಮ್ಮ ಪ್ರವಾಸ ತೀರ್ಮಾನವಾಗುವುದೂ ಅಲ್ಲೇ.

ನಮಗೆ ಮೋಸ ಆದದ್ದು ಬೇಸಿಗೆ ರಜೆಯಲ್ಲಿ. ಹಿನ್ನೀರಿನ ದಡದ ಒಂದು ರೆಸಾರ್ಟ್. ಫೋಟೊದಲ್ಲಿ ಕಿಟಕಿಯ ಕೆಳಗೇ ಅಲೆ ಬಡಿಯುತ್ತಿತ್ತು. ರಾತ್ರಿಗೆ ನಾಲ್ಕೂವರೆ ಸಾವಿರ ಕೊಟ್ಟು ಹೋಗಿ ಕಿಟಕಿ ತೆಗೆದರೆ ಬಿರುಕುಬಿಟ್ಟ ಮಣ್ಣಿನ ಬಯಲು, ಅದರಲ್ಲಿ ದನ ಮೇಯುತ್ತಿವೆ, ನೀರು ಎಲ್ಲೋ ದೂರದಲ್ಲಿ. ಕೇಳಿದ್ದಕ್ಕೆ ಅಲ್ಲಿನ ಹುಡುಗ, "ಮಳೆಗಾಲ್ದಲ್ಲಿ ಇಲ್ಲೀಗಂಟ ಬತ್ತದೆ ಸಾ, ಈಗ ಇಳ್ದೋಗದೆ" ಅಂದ. ಅವನು ಹೇಳಿದ್ದು ನಿಜ. ತುಂಬಿದ ಕಾಲದ ಫೋಟೊ ಹಾಕಿ ಏಪ್ರಿಲ್‌ನಲ್ಲೂ ಅದೇ ದರ ಕೀಳುವುದು ಮಾತ್ರ ಅನ್ಯಾಯ. ಫೋನ್ ಮಾಡಿ ಇವತ್ತಿನ ಫೋಟೊ ಕಳಿಸಲು ಹೇಳಿ. ಕಳಿಸದಿದ್ದರೆ ಮೈಸೂರಿನಲ್ಲೇ ಉಳಿದುಕೊಳ್ಳಿ, ಇಪ್ಪತ್ತು ಕಿಲೋಮೀಟರ್ ಹಾದಿ ಅಷ್ಟೇ.

ಆದರೂ ಸಂಜೆ ಆ ಬಯಲಿಗೆ ಇಳಿದು ನಡೆದೆವು, ಅದು ಬೇಜಾರಾಗಲಿಲ್ಲ. ಕಾಲಿಗೆ ಕಪ್ಪೆಚಿಪ್ಪು ಚುಚ್ಚುತ್ತಿತ್ತು. ಒಂದೆಡೆ ಕಲ್ಲುಗಳು ನೇರ ಸಾಲಾಗಿ ಕೂತಿದ್ದವು. ಯಾರದೋ ಹೊಲದ ಬದು ಅಂತ ಅದೇ ಹುಡುಗ ತೋರಿಸಿದ. 1911ರಲ್ಲಿ ಕಟ್ಟೆಯ ಕೆಲಸ ಶುರುವಾದ ಮೇಲೆ ಊರಿಗೆ ಊರೇ ಇಲ್ಲಿಂದ ಎದ್ದುಹೋಯಿತು. ಕನ್ನಂಬಾಡಿಯ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ನೀರಿನಡಿ ಉಳಿದು, ಬರ ಬಂದಾಗ ಮಾತ್ರ ಕಾಣಿಸುತ್ತಿತ್ತು. ಆಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಅಲ್ಲಿಗೆ ಭಾನುವಾರ ಹೋಗಲೇಬೇಡಿ. ವಾರದ ನಡುವೆ ಬೆಳಗ್ಗೆ ಬೇಗ ಹೋದರೆ ಪ್ರಾಕಾರದಲ್ಲಿ ನಿಮ್ಮ ಹೆಜ್ಜೆ ಸದ್ದು ನಿಮಗೇ ಕೇಳುತ್ತದೆ.

ಬೃಂದಾವನದ ಬಗ್ಗೆ ಬರೆಯುವುದಿಲ್ಲ. ಆ ನೂಕುನುಗ್ಗಲು ನನ್ನಿಂದಾಗದು.

ಊಟಕ್ಕೆ ಮಾತ್ರ ಕೆಆರ್‌ಎಸ್ ಊರೊಳಗೇ ಹೋಗಿ. ರಸ್ತೆ ಬದಿ ತಗಡಿನ ಶೀಟಿನ ಮೆಸ್ಸು, ನಾಲ್ಕು ಬೆಂಚು. ಜಿಲೇಬಿ ಮೀನಿಗೆ ಅಡ್ಡಡ್ಡ ಗೀರು ಹಾಕಿ, ಖಾರದಪುಡಿ, ಬೆಳ್ಳುಳ್ಳಿ, ನಿಂಬೆರಸ ಮೆತ್ತಿ ಕಾದ ಹೆಂಚಿನ ಮೇಲೆ ಒತ್ತಿ ಒತ್ತಿ ಬೇಯಿಸುತ್ತಾರೆ. ಅಂಚು ಗರಿಗರಿಯಾಗುವವರೆಗೆ ಯಾರು ಅವಸರ ಮಾಡಿದರೂ ಮೆಸ್ಸಿನ ಅಮ್ಮ ತೆಗೆಯುವುದಿಲ್ಲ. ಜೊತೆಗೆ ಬಿಸಿ ಮುದ್ದೆ, ಹುರುಳಿಕಾಳಿನ ಉಪ್ಸಾರು, ಪಕ್ಕಕ್ಕೊಂದು ಚಮಚ ಖಾರ. "ಇನ್ನೊಂದ್ ಅರ್ಧ ಮುದ್ದೆ ಇಕ್ಲಾ ಕಣಪ್ಪ?" ಅಂತ ಕೇಳಿ ಬಡಿಸಿದರು, ಆ ಅರ್ಧಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಬ್ಬರಿಗೆ ನೂರೈವತ್ತು ರೂಪಾಯಿ ಒಳಗೇ ಆಯಿತು. ಹಿಂದಿನ ರಾತ್ರಿ ರೆಸಾರ್ಟಿನಲ್ಲಿ ಒಂದು ತಣ್ಣಗಾದ ಪನ್ನೀರಿಗೆ ಕೊಟ್ಟದ್ದು ಇದರ ಮೂರರಷ್ಟು. ಮಧ್ಯಾಹ್ನ ಒಂದರೊಳಗೆ ಹೋಗಿ, ಆಮೇಲೆ ಮೀನು ಮುಗಿದಿರುತ್ತದೆ.

ಹಿನ್ನೀರು ತುಂಬಿ ನಿಂತದ್ದನ್ನು ನೋಡಲೇಬೇಕೆಂದು ಮಳೆಗಾಲದಲ್ಲಿ ಮತ್ತೆ ಹೋದೆವು. ನೀರು ಸಿಕ್ಕಿತು, ರಂಗನತಿಟ್ಟಿನ ದೋಣಿ ಸಿಗಲಿಲ್ಲ. ಕೊಡಗಿನಲ್ಲಿ ಮಳೆ ಜೋರಾಗಿ ಕಟ್ಟೆಯ ಗೇಟು ತೆಗೆದಿದ್ದರು, ದೋಣಿವಿಹಾರ ಬಂದ್.

ಕಟ್ಟೆ ಇದ್ದ ಮೇಲೆ ಪ್ರವಾಹ ಏಕೆ ಎಂದು ನಮ್ಮ ಜೊತೆಗಿದ್ದವರು ಕೇಳಿದರು. ಕೆಆರ್‌ಎಸ್ ಕಟ್ಟಿದ್ದು ಮಂಡ್ಯದ ಗದ್ದೆಗೆ, ಶಿವನಸಮುದ್ರದ ಕರೆಂಟಿಗೆ. ಪ್ರವಾಹ ತಡೆಯಬೇಕೆಂದರೆ ಜಾಗ ಖಾಲಿ ಇಟ್ಟುಕೊಂಡು ಕಾಯಬೇಕು, ನೀರಾವರಿಗೆ ತುಂಬಿಸಿಕೊಂಡು ಕೂರಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. 49 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ತುಂಬುವವರೆಗೆ ಕೆಳಗಿನ ಹೊಳೆ ತೆಪ್ಪಗಿರುತ್ತದೆ, ತುಂಬಿದ ಮೇಲೆ ಮೇಲಿಂದ ಬಂದಷ್ಟೂ ಹೊರಕ್ಕೆ. ಹೊರಹರಿವು ಲಕ್ಷ ಕ್ಯುಸೆಕ್ (ಸೆಕೆಂಡಿಗೆ ಲಕ್ಷ ಘನ ಅಡಿ) ದಾಟಿದರೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಹತ್ತಿರಕ್ಕೂ ಬಿಡುವುದಿಲ್ಲ.

ನನಗೆ ಹೊಟ್ಟೆ ಉರಿದದ್ದು ಹಕ್ಕಿಗಳನ್ನು ನೆನೆದು. ರಂಗನತಿಟ್ಟಿನ ನಡುಗಡ್ಡೆಗಳು ಆದದ್ದೂ ಒಂದು ಒಡ್ಡಿನಿಂದಲೇ, 17ನೇ ಶತಮಾನದ್ದು. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಆ ಸಣ್ಣ ಒಡ್ಡು ಮಾಡಿಕೊಟ್ಟ ಮನೆಯನ್ನು ದೊಡ್ಡ ಕಟ್ಟೆಯ ನೀರು ಗಂಟೆಗಳಲ್ಲಿ ಮುಳುಗಿಸುತ್ತದೆ. ತಗ್ಗಿನ ಪೊದೆಗಳ ಗೂಡು ಕೊಚ್ಚಿಹೋಗುತ್ತವೆ, ನಡುಗಡ್ಡೆಯ ಮಣ್ಣೂ ಕೊರೆದುಹೋಗುತ್ತದೆ. ಅದಕ್ಕೇ ಮರಳಿನ ಚೀಲ ಪೇರಿಸುತ್ತಾರೆ. ಹೊಳೆ ರೀವ (ರಿವರ್ ಟರ್ನ್) ಹಕ್ಕಿ ಬರೀ ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ, ಬೇಸಿಗೆಯಲ್ಲಿ ನೀರು ಸ್ವಲ್ಪ ಏರಿದರೂ ಅದರ ಆ ವರ್ಷದ ಸಂಸಾರ ಹೋಯಿತು.

ಹಕ್ಕಿಗೆಂದೇ ಹೋಗುವವರು ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ, ಪಕ್ಷಿಧಾಮದ ಗೇಟ್ ತೆರೆದ ಕೂಡಲೇ ಮೊದಲ ದೋಣಿ ಹಿಡಿಯಿರಿ. ತುಂಬಿದ ಹಿನ್ನೀರಿಗಾದರೆ ಆಗಸ್ಟ್‌ನಿಂದ ನವೆಂಬರ್. ಎರಡೂ ಒಂದೇ ವಾರದಲ್ಲಿ ಚೆನ್ನಾಗಿ ಸಿಗುವುದು ಕಷ್ಟ. ಬಲಮುರಿಯಲ್ಲಿ ನೀರು ಮೊಣಕಾಲುದ್ದ ಇದ್ದರೂ ಹೊರಹರಿವು ಹೆಚ್ಚಿದ ದಿನ ಮಕ್ಕಳನ್ನು ಇಳಿಸಬೇಡಿ. ಅಲ್ಲಿನ ಕಟ್ಟೆಯ ಮೇಲೆ ಪಾಚಿ ಜಾರುತ್ತದೆ, ಕೆಳಗೆ ಸುಳಿ ಇದೆ, ಹಲವು ಜೀವ ಹೋಗಿವೆ. ದಡದಲ್ಲೇ ಕೂತು ಮೀನು ತಿಂದು ಬನ್ನಿ.